ಹೊಸ್ತಿಲು ಹುಣ್ಣಿಮೆ ಇಲ್ಲದ ವರ್ಷ

ಗೊತ್ತಿರುವ ಸಂಗತಿಯನ್ನು ಬಾಯಿಬಿಡದೆ ಇಟ್ಟುಕೊಳ್ಳುವುದು ನನ್ನ ಜಾಯಮಾನವಲ್ಲ. ಈಗ ವಯಸ್ಸಾಗಿ ಸ್ವಲ್ಪ ಕಡಿಮೆಯಾಗಿದೆ. ೧೯೬೩ರಲ್ಲಿ, ನನಗೆ ಇಪ್ಪತ್ತಾರು ತುಂಬಿದ್ದಾಗ, ಅದೊಂದು ಕಾಯಿಲೆಯೇ ಆಗಿತ್ತು. ನಿಟ್ಟೂರಿನಿಂದ ಎರಡು ಮೈಲಿ ಒಳಗಿನ ಹಳ್ಳಿಯೊಂದಕ್ಕೆ ಒಬ್ಬನೇ ಮೇಷ್ಟ್ರಾಗಿ ಹೋದಾಗ ನನ್ನ ಟ್ರಂಕಿನಲ್ಲಿ ಎರಡು ಪಂಚೆ, ಎರಡು ಅಂಗಿ, ಒಂದು ಪಂಚಾಂಗ ಇದ್ದವು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಪಂಚಾಂಗ ಓದಿ ಹೇಳುವ ಕೆಲಸ. ದೊಡ್ಡಪ್ಪ ಗಣಪಯ್ಯನವರು ಪ್ರತಿ ಯುಗಾದಿಗೂ ಹೊಸ ಪಂಚಾಂಗ ಕೊಡುವಾಗ, ಅದನ್ನು ಬರಿ ನೆಲದ ಮೇಲೆ ಇಡಬಾರದು, ಅದರ ಮೇಲೆ ಕೈಯಿಟ್ಟು ಸುಳ್ಳಾಡಬಾರದು ಎಂದು ಎರಡು ಮಾತು ತಪ್ಪದೆ ಹೇಳುತ್ತಿದ್ದರು. ಎರಡನ್ನೂ ನಾನು ಪಾಲಿಸಿಕೊಂಡೇ ಬಂದಿದ್ದೆ.

ಆ ಹಳ್ಳಿಯಲ್ಲಿ ಯಾರ ಮನೆಯಲ್ಲೂ ಪಂಚಾಂಗ ಇರಲಿಲ್ಲ. ಇದ್ದರೂ ಓದುವವರು ಇರಲಿಲ್ಲ. ಅವರ ವರ್ಷ ನಡೆಯುತ್ತಿದ್ದುದು ಹುಣ್ಣಿಮೆಗಳ ಮೇಲೆ. ನಾನು ಉಳಿದುಕೊಂಡಿದ್ದ ಶಾಲೆಯ ಪಕ್ಕದ ಮನೆಯ ಹಾಲಮ್ಮನನ್ನು ಕರು ಹಾಕಿದ್ದು ಯಾವಾಗ ಎಂದರೆ ಕಾರ ಹುಣ್ಣಿಮೆಗೆ ಮೂರು ದಿನ ಇತ್ತು ಎನ್ನುವಳು. ಮಳೆ ಹಿಡಿದದ್ದು ಯಾವಾಗ ಎಂದರೆ ಕಾರ ಹುಣ್ಣಿಮೆ ಕಳೆದ ಮೇಲೆ. ನೂಲ ಹುಣ್ಣಿಮೆ, ಅನಂತನ ಹುಣ್ಣಿಮೆ, ಭೂಮಿ ಹುಣ್ಣಿಮೆ, ಗೌರಿ ಹುಣ್ಣಿಮೆ, ಹೊಸ್ತಿಲು ಹುಣ್ಣಿಮೆ, ಬನದ ಹುಣ್ಣಿಮೆ. ಒಂದೊಂದಕ್ಕೂ ಒಂದೊಂದು ಅಡುಗೆ, ಒಂದೊಂದು ಕೆಲಸ. ಬಿದಿರು ಕಡಿಯುವುದಿದ್ದರೆ ಚಂದ್ರ ಇಳಿಯುವ ದಿನಗಳಲ್ಲೇ ಕಡಿಯಬೇಕು, ಏರುವಾಗ ಕಡಿದರೆ ಹುಳ ಹಿಡಿಯುತ್ತದೆ. ಇದನ್ನೆಲ್ಲ ಕೇಳುವಾಗ ನಾನು ತಲೆಯಾಡಿಸುತ್ತಿದ್ದೆನಾದರೂ ಒಳಗೊಳಗೆ ನನಗೆ ನಗು. ಚಂದ್ರ ಯಾವ ನಕ್ಷತ್ರದ ಹತ್ತಿರ ತುಂಬುತ್ತಾನೆ ಎಂಬುದೇ ಗೊತ್ತಿಲ್ಲದವರು ಹುಣ್ಣಿಮೆಯ ಲೆಕ್ಕ ಇಡುತ್ತಾರಲ್ಲ ಎಂದು.

ಹಾಲಮ್ಮನ ಗಂಡ ಕೆರಿಯಪ್ಪ. ಮಠದ ಗದ್ದೆಯನ್ನು ಗೇಣಿಗೆ ಮಾಡಿಕೊಂಡಿದ್ದ, ಊರಿಗೆಲ್ಲ ಬೇಕಾದ ಮನುಷ್ಯ. ಆದರೆ ಮೂಗಿನ ತುದಿಯಲ್ಲಿ ಕೋಪ. ಅವರ ಒಬ್ಬಳೇ ಮಗಳು ಗುತ್ಯಮ್ಮನನ್ನು ತಾಳಗುಪ್ಪದ ಹತ್ತಿರದ ಒಂದು ಊರಿಗೆ, ಹೂವಪ್ಪನ ಮಗ ಕನ್ನಪ್ಪನಿಗೆ ಕೊಟ್ಟಿದ್ದರು. ಹೆರಿಗೆಗೆಂದು ತವರಿಗೆ ಬಂದವಳು ಐದು ತಿಂಗಳ ಹೆಣ್ಣುಮಗುವನ್ನು ಎತ್ತಿಕೊಂಡು ಅಲ್ಲೇ ಇದ್ದಳು. ಯಾಕೆ ಇನ್ನೂ ಹೋಗಿಲ್ಲ ಎಂದು ನಾನು ಕೇಳಿರಲಿಲ್ಲ. ಅದು ಗೊತ್ತಾದದ್ದು ಭೂಮಿ ಹುಣ್ಣಿಮೆಯ ದಿನ.

ಆ ಸಲ ಭೂಮಿ ಹುಣ್ಣಿಮೆ ಗಾಂಧಿ ಜಯಂತಿಯ ಮರುದಿನ ಬಂದಿತ್ತು. ಗದ್ದೆಯಲ್ಲಿ ಪೈರು ಹೊಡೆ ಕಟ್ಟಿರುವ ಹೊತ್ತು. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂದು ಅವರ ನಂಬಿಕೆ. ಕಾಡಿನಿಂದ ಹತ್ತಾರು ಬಗೆ ಸೊಪ್ಪು ತಂದು ಬೇಯಿಸಿ, ಕೆಮ್ಮಣ್ಣು ಬಳಿದು ಬಿಳಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತು, ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗಿ ಬೀರುತ್ತಾರೆ. ಪೂಜೆಯಾದ ಮೇಲೆ ಮನೆಮಂದಿಯೆಲ್ಲ ಗದ್ದೆಯಲ್ಲೇ ಉಣ್ಣುತ್ತಾರೆ. ನನ್ನನ್ನೂ ಕರೆದಿದ್ದರು. ಅವರು ಬೇಯಿಸಿದ್ದನ್ನು ಬ್ರಾಹ್ಮಣನಾದ ನಾನು ಮುಟ್ಟುವಂತಿಲ್ಲ ಎಂಬುದು ಅವರಿಗೂ ಗೊತ್ತು. ಹಾಗಾಗಿ ಬಾಳೆಹಣ್ಣು, ಬೆಲ್ಲ ಕೊಟ್ಟು ಬದುವಿನ ಮೇಲೆ ಕೂರಿಸಿದರು.

ಬುಟ್ಟಿಯ ಚಿತ್ತಾರ ಬರೆದವಳು ಗುತ್ಯಮ್ಮ. ಚೆನ್ನಾಗಿದೆ ಎಂದೆ. ಹಾಲಮ್ಮ ನಿಟ್ಟುಸಿರು ಬಿಟ್ಟಳು.

"ಈ ವರ್ಷ ಗಂಡನ್ ಮನೇಲಿ ಬರೀಬೇಕಿತ್ತು ಮೇಷ್ಟ್ರೇ. ಇವಳಪ್ಪನ ಬಾಯಿ ಬಿಡ್ಲಿಲ್ಲ."

ಕಥೆ ಇಷ್ಟೇ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಬೀಗರು ಬರುವುದು ತಡವಾಯಿತು. ತಾಳಗುಪ್ಪದಿಂದ ಸಾಗರ, ಸಾಗರದಿಂದ ಇಲ್ಲಿಗೆ, ಎಲ್ಲೋ ಬಸ್ಸು ಕೆಟ್ಟಿತು. ಹಸಿವು ತಡೆಯದ ಕೆರಿಯಪ್ಪ ನೆಂಟರಿಗೆಲ್ಲ ಎಲೆ ಹಾಕಿಸಿಬಿಟ್ಟ. ಬೀಗರು ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಎಂಜಲೆಲೆ ಎತ್ತುತ್ತಿದ್ದರು. ಹೂವಪ್ಪ ನೀರೂ ಮುಟ್ಟದೆ ಹಿಂದಿರುಗಿ ಹೊರಟ. ತಡೆಯಲು ಹೋದ ಕೆರಿಯಪ್ಪ ತಾನೇ ನಾಲ್ಕು ಮಾತು ಜಾಸ್ತಿ ಆಡಿದ. ಕೊನೆಗೆ ಎರಡೂ ಊರಿನ ಹಿರಿಯರು ಕೂತು ವೀಳ್ಯ ಹಿಡಿದು ಒಂದು ತೀರ್ಮಾನ ಮಾಡಿದರು. ಹೂವಪ್ಪನ ಮನೆಯಲ್ಲಿ ಹೊಸ್ತಿಲು ಹುಣ್ಣಿಮೆಗೆ ಹೊಸ್ತಿಲು ತೊಳೆದು, ಹೊಸ ಅಕ್ಕಿ ಇಟ್ಟು, ಸೊಸೆಯನ್ನು ಒಳಗೆ ಕರೆಯುವ ರೂಢಿ. ಆ ದಿನ ಕನ್ನಪ್ಪ ಬಂದು ಹೆಂಡತಿಯನ್ನು ಕರೆದೊಯ್ಯಬೇಕು. ಬಾರದಿದ್ದರೆ ಸಂಬಂಧ ಕಡಿಯಿತು, ಕೆರಿಯಪ್ಪ ಮಗಳನ್ನು ಬೇರೆ ಕಡೆ ಕೂಡಿಕೆ, ಎಂದರೆ ಎರಡನೆಯ ಮದುವೆ, ಮಾಡಿಕೊಡಬಹುದು. ಹಾಗಾದರೆ ಮಗು ಮಾತ್ರ ಹಾಲು ಬಿಟ್ಟ ಮೇಲೆ ತಂದೆಯ ಮನೆಗೆ ಸೇರತಕ್ಕದ್ದು.

ಇಷ್ಟು ಕೇಳಿದ ನನ್ನೊಳಗೆ ಆ ಕಾಯಿಲೆ ಎದ್ದು ಕೂತಿತು. "ಹೊಸ್ತಿಲು ಹುಣ್ಣಿಮೆಯಾ? ಈ ವರ್ಷ ಹೊಸ್ತಿಲು ಹುಣ್ಣಿಮೆಯೇ ಇಲ್ಲವಲ್ಲ!" ಎಂದೆ.

ಎಲ್ಲರೂ ನನ್ನ ಮುಖ ನೋಡಿದರು. ನಾನು ಹುರುಪಿನಿಂದ ಶುರುಮಾಡಿದೆ. ಸೂರ್ಯನ ಲೆಕ್ಕಕ್ಕೂ ಚಂದ್ರನ ಲೆಕ್ಕಕ್ಕೂ ತಾಳ ತಪ್ಪಿ, ಈ ಶೋಭಕೃತು ಸಂವತ್ಸರದಲ್ಲಿ ಕಾರ್ತಿಕ ಎರಡು ಸಲ ಬರುತ್ತದೆ, ಒಂದು ಅಧಿಕ, ಒಂದು ನಿಜ. ಆಮೇಲೆ ಮಾರ್ಗಶಿರ ಬರುವುದೇ ಇಲ್ಲ, ಅದು ಪುಷ್ಯದೊಳಗೆ ಕರಗಿಹೋಗುತ್ತದೆ. ಅದಕ್ಕೆ ಕ್ಷಯಮಾಸ ಎನ್ನುತ್ತಾರೆ. ಹಿಂದೆ ಹೀಗಾಗಿದ್ದು ನೂರನಲವತ್ತೊಂದು ವರ್ಷದ ಕೆಳಗೆ. ಕಾರ್ತಿಕದ್ದು ಗೌರಿ ಹುಣ್ಣಿಮೆ, ಮಾರ್ಗಶಿರದ್ದು ಹೊಸ್ತಿಲು, ಪುಷ್ಯದ್ದು ಬನದ ಹುಣ್ಣಿಮೆ. ಆದ್ದರಿಂದ ಈ ಸಲ ಗೌರಿ ಹುಣ್ಣಿಮೆ, ಮತ್ತೆ ಗೌರಿ ಹುಣ್ಣಿಮೆ, ಅದಾದ ಮೇಲೆ ನೆಟ್ಟಗೆ ಬನದ ಹುಣ್ಣಿಮೆ. ಆ ತಿಂಗಳನ್ನು ನಾನೇ ಕೈಯಾರೆ ಕರಗಿಸಿದಷ್ಟು ಹೆಮ್ಮೆ ನನಗೆ.

ಕೆರಿಯಪ್ಪ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದ.

"ಹಂಗಾರೆ ಹೂವಪ್ಪಂಗೆ ಇದು ಗೊತ್ತಿತ್ತು," ಎಂದ. "ಅವನ ತಮ್ಮ ರೈಲ್ವೆ ಸ್ಟೇಷನ್ ಹತ್ರ ಅಂಗ್ಡೀಲಿ ಬರ್ಕೊಂಡಿರೋನು. ಓದು ಬರಹ ಬಲ್ಲೋನು. ಇಲ್ದಿರೋ ದಿನ ಹೇಳಿ ನನ್ ಬಾಯಿಗೆ ವೀಳ್ಯ ಇಟ್ಟು ಹೋದ್ರು."

"ಇರಲಿಕ್ಕಿಲ್ಲ, ಅವರಿಗೂ ಗೊತ್ತಿರಲಿಕ್ಕಿಲ್ಲ," ಎಂದೆ. ಆ ಮಾತು ಅವನ ಕಿವಿಗೆ ಬೀಳಲಿಲ್ಲ. ಗುತ್ಯಮ್ಮ ಮಗುವನ್ನು ಎತ್ತಿಕೊಂಡು ಬದುವಿನ ಆ ತುದಿಗೆ ಹೋಗಿ ನಿಂತಳು.

ಮೊದಲ ಗೌರಿ ಹುಣ್ಣಿಮೆ ಬರುವುದರೊಳಗೆ ಕೆರಿಯಪ್ಪ ಹೊಸನಗರದ ಕಡೆ ಒಂದು ಸಂಬಂಧ ನೋಡಿ ಬಂದಿದ್ದ. ಹೆಂಡತಿ ತೀರಿಕೊಂಡವನು, ನಲವತ್ತರ ಹತ್ತಿರ, ಎರಡು ಮಕ್ಕಳು. ಕೆಟ್ಟವನೇನಲ್ಲ ಎಂದರು. ಕೆಟ್ಟವನಾಗಿದ್ದರೆ ನನಗೆ ವಿರೋಧಿಸಲು ಸುಲಭವಾಗುತ್ತಿತ್ತು. ಬೀಗರಿಗೆ ಒಂದು ಮಾತು ತಿಳಿಸಬೇಡವೇ ಎಂದು ಹಾಲಮ್ಮ ಕೇಳಿದ್ದಕ್ಕೆ, ಮೋಸ ಮಾಡಿದವರಿಗೆ ತಾನೇಕೆ ಹೇಳಿಕಳಿಸಲಿ ಎಂದನಂತೆ. ಎರಡನೆಯ ಗೌರಿ ಹುಣ್ಣಿಮೆ ಕಳೆದ ಮೂರನೆಯ ದಿನ ಆ ಮನೆಯವರು ಬಂದು ಸೀರೆ ಕೊಟ್ಟು ಹೋಗುವುದು ಎಂದು ನಿಶ್ಚಯವಾಯಿತು.

ಒಂದು ಮಧ್ಯಾಹ್ನ, ಮಕ್ಕಳು ಮನೆಗೆ ಹೋದ ಮೇಲೆ, ಗುತ್ಯಮ್ಮ ಶಾಲೆಯ ಬಾಗಿಲಿಗೆ ಬಂದಳು. ಸೊಂಟದಲ್ಲಿ ಮಗು.

"ಮೇಷ್ಟ್ರೇ, ಒಂದ್ ಮಾತ್ ಕೇಳ್ಲಾ? ಆ ತಿಂಗ್ಳು ಚಂದ್ರ ತುಂಬಾದೇ ಇಲ್ವಾ?"

"ತುಂಬುತ್ತಾನೆ. ಪ್ರತಿ ತಿಂಗಳೂ ತುಂಬುತ್ತಾನೆ."

"ಮತ್ತೆ ಹುಣ್ಣಿಮೆ ಎಲ್ಲಿ ಹೋತು?"

ಬೋರ್ಡಿನ ಮೇಲೆ ಹನ್ನೆರಡು ಸೊನ್ನೆ ಬರೆದು ಹೇಳಿಕೊಟ್ಟೆ. ಅವಳು ಸೀಮೆಸುಣ್ಣದ ಗುಂಡುಗಳನ್ನು ಒಂದೊಂದಾಗಿ ನೋಡಿದಳು. ಓದಲು ಬಾರದವಳಾದರೂ ಲೆಕ್ಕ ಬೇಗ ಹಿಡಿದಳು.

"ಅಂದ್ರೆ ಚಂದ್ರ ಅಲ್ಲೇ ಇದಾನೆ. ಹೆಸ್ರೊಂದು ಹೋತು."

"ಹೌದು."

"ಹೆಸ್ರು ಇಟ್ಟೋರು ಯಾರು?"

ಕೃತ್ತಿಕಾ ನಕ್ಷತ್ರದ ಬಳಿ ತುಂಬಿದರೆ ಕಾರ್ತಿಕ, ಮೃಗಶಿರದ ಬಳಿ ತುಂಬಿದರೆ ಮಾರ್ಗಶಿರ ಎಂದೆ. ಅವಳು ಅದನ್ನು ತಳ್ಳಿಹಾಕಿದಳು.

"ನಕ್ಷತ್ರ ಯಾರ್ ನೋಡಿದಾರೆ ಮೇಷ್ಟ್ರೇ? ನಮ್ಮತ್ತೆ ಹೊಸ್ತಿಲು ತೊಳ್ದು ಅಕ್ಕಿ ಇಡ್ತಾರೆ, ಅದ್ಕೆ ಅವತ್ತು ಹೊಸ್ತಿಲು ಹುಣ್ಣಿಮೆ. ನಮ್ಮನೇರು ಬಂದೇ ಬರ್ತಾರೆ. ಯಾವ್ ದಿನ ಅಂತ ಬರ್ತಾರೋ ಅದೇ ನಂಗೆ ಹೆದ್ರಿಕೆ."

ಮಗುವಿನ ಬಗ್ಗೆ ಅವಳೊಂದು ಮಾತೂ ಆಡಲಿಲ್ಲ. ಅದು ಅವಳ ಕೊರಳಿನ ಕರಿಮಣಿ ಹಿಡಿದು ಜಗ್ಗುತ್ತಿತ್ತು. ನಾನು ಮಾಡಿದ ಅನಾಹುತ ಏನೆಂದು ನನಗೆ ಪೂರ್ತಿ ಅರ್ಥವಾದದ್ದು ಆಗಲೇ. ಗದ್ದೆಯ ಬದುವಿನ ಮೇಲೆ ಕೂತು ಬಾಳೆಹಣ್ಣು ತಿಂದು ಸುಮ್ಮನೆ ಎದ್ದು ಬಂದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ.

ಅವತ್ತೇ ದೊಡ್ಡಪ್ಪನಿಗೆ ಕಾಗದ ಬರೆದೆ. ಏನಾದರೂ ದಾರಿ ಇದೆಯೇ ಎಂದು ಕೇಳಿದೆ. ವಾರದಲ್ಲಿ ಉತ್ತರ ಬಂತು. "ಚಿ. ಸುಬ್ಬಕೃಷ್ಣನಿಗೆ ಆಶೀರ್ವಾದಗಳು. ಅರ್ಧ ಓದಿ ಪೂರ್ತಿ ಹೇಳುವ ನಿನ್ನ ಚಾಳಿ ಇನ್ನೂ ಹೋಗಿಲ್ಲ. ಕ್ಷಯಮಾಸದಲ್ಲಿ ಎರಡು ತಿಂಗಳೂ ಇರುತ್ತವೆ. ಪ್ರತಿ ತಿಥಿಯ ಮೊದಲರ್ಧ ಮಾರ್ಗಶಿರದ್ದು, ಉಳಿದರ್ಧ ಪುಷ್ಯದ್ದು. ಆದ್ದರಿಂದ ಡಿಸೆಂಬರ್ ಕೊನೆಯ ಹುಣ್ಣಿಮೆಯ ಪೂರ್ವಾರ್ಧವೇ ನಿನ್ನ ಹೊಸ್ತಿಲು ಹುಣ್ಣಿಮೆ. ಆದರೆ ಅದಕ್ಕೆ ಹೊಂದಿಕೊಂಡೇ ಚಂದ್ರಗ್ರಹಣ ಇದೆ, ಕ್ಷಯಮಾಸದಲ್ಲಿ ಶುಭಕಾರ್ಯವೂ ಇಲ್ಲ. ಯಾರಿಗೂ ಮತ್ತೆ ಏನನ್ನೂ ಹೇಳಲು ಹೋಗಬೇಡ."

ಹೋಗಬೇಡ ಎಂದರೆ ನಾನು ಕೇಳುವವನೇ? ಕಾಗದ ಹಿಡಿದು ಕೆರಿಯಪ್ಪನ ಮನೆಗೆ ಓಡಿದೆ. ಅವನು ಕೇಳಿಕೊಂಡು, ಎಲೆಗೆ ಸುಣ್ಣ ಸವರುತ್ತ, "ಅರ್ಧ ಹುಣ್ಣಿಮೆಗೆ ಯಾರಾದ್ರೂ ಮಗಳನ್ನ ಕಳಿಸ್ತಾರಾ ಮೇಷ್ಟ್ರೇ? ಅದೂ ಗ್ರಹಣದ ಬಾಯಾಗೆ, ಎಳೆ ಕೂಸು ಹೊತ್ಕೊಂಡು?" ಎಂದ. ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು ಬಂದೆ.

ನವೆಂಬರ್ ಮೂವತ್ತು, ಶನಿವಾರ. ಪಂಚಾಂಗದ ಪ್ರಕಾರ ಎರಡನೆಯ ಗೌರಿ ಹುಣ್ಣಿಮೆ. ಬೆಳಗ್ಗೆ ಹಾಲಮ್ಮ ಹೊಸ್ತಿಲು ತೊಳೆಯಲು ಹೋಗಿ ಗಂಡನಿಂದ ಬೈಸಿಕೊಂಡದ್ದು ನನಗೆ ಶಾಲೆಯವರೆಗೂ ಕೇಳಿಸಿತು. ಒಂದೇ ಹೊತ್ತಿನ ಶಾಲೆ. ಮಕ್ಕಳನ್ನು ಬಿಟ್ಟು ಅನ್ನಕ್ಕೆ ಇಡುವಷ್ಟರಲ್ಲಿ ಪಕ್ಕದ ಮನೆಯ ಅಂಗಳದಲ್ಲಿ ಗದ್ದಲ. ಬಾಗಿಲಿಗೆ ಬಂದು ನೋಡಿದರೆ ಬೇಲಿಯ ಬಾಗಿಲಿಗೆ ಗಳು ಅಡ್ಡ ಹಾಕಿದ ದಣಪೆಯ ಆಚೆ ಒಬ್ಬ ಮುದುಕ ಬೆನ್ನು ಮಾಡಿ ನಿಂತಿದ್ದ. ಅವನೇ ಹೂವಪ್ಪ ಎಂದು ಆಮೇಲೆ ತಿಳಿಯಿತು. ಮಗನನ್ನು ಒಳಗೆ ಕಳಿಸಿ ತಾನು ದಣಪೆ ದಾಟದೆ ಉಳಿದಿದ್ದ. ಅಂಗಳದ ಮಧ್ಯೆ ಕನ್ನಪ್ಪ, ಇಸ್ತ್ರಿಯಿಲ್ಲದ ಬಿಳಿ ಅಂಗಿ, ಕಾಲೆಲ್ಲ ಕೆಂಪು ಧೂಳು, ಕಂಕುಳಲ್ಲಿ ಬಟ್ಟೆಯ ಗಂಟು.

ಅವರು ಬಂದದ್ದು ಸರಿಯಾಗಿಯೇ ಇತ್ತು. ಭೂಮಿ ಹುಣ್ಣಿಮೆ ಆಯಿತು, ಮುಂದಿನದು ಗೌರಿ, ಅದರ ಮುಂದಿನದು ಹೊಸ್ತಿಲು. ಅಂಗಡಿಯ ತಮ್ಮನನ್ನೂ ಕೇಳಿರಲಿಲ್ಲ, ಪಂಚಾಂಗವನ್ನೂ ನೋಡಿರಲಿಲ್ಲ. ಚಂದ್ರ ಎರಡು ಸಲ ತುಂಬುವುದನ್ನು ಕಾದು, ಹೊಸ ಅಕ್ಕಿ ಕಟ್ಟಿಕೊಂಡು ಹೊರಟಿದ್ದರು. ಅಷ್ಟು ಸರಳವಾದದ್ದು ನನಗೆ ಎರಡು ತಿಂಗಳಿಂದ ಹೊಳೆದಿರಲಿಲ್ಲ.

"ಯಾವ್ ಹುಣ್ಣಿಮೆ ಅಂತ ಬಂದೆ?" ಕೆರಿಯಪ್ಪ ಕೇಳುತ್ತಿದ್ದ.

"ಹೊಸ್ತಿಲು ಹುಣ್ಣಿಮೆ ಅಲ್ವಾ ಮಾವ?"

"ಅಲ್ಲ. ಇವತ್ತು ಗೌರಿ. ಹೊಸ್ತಿಲು ಹುಣ್ಣಿಮೆ ಈ ವರ್ಷ ಹುಟ್ಟೇ ಇಲ್ಲ. ಅದು ಗೊತ್ತಿದ್ದೇ ನಿಮ್ಮಪ್ಪ ವೀಳ್ಯ ಹಿಡ್ದ."

ಕನ್ನಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಅಪ್ಪನ ಬೆನ್ನು ನೋಡಿದ, ಮನೆಯ ಬಾಗಿಲು ನೋಡಿದ. ಬಾಗಿಲಿನ ಹಿಂದೆ ಗುತ್ಯಮ್ಮನ ಸೀರೆಯ ಅಂಚು ಕಾಣುತ್ತಿತ್ತು. ಊರಿನ ಹತ್ತು ಜನ ಅಷ್ಟರಲ್ಲಿ ಸೇರಿದ್ದರು. ಕೆರಿಯಪ್ಪ ನನ್ನ ಕಡೆ ತಿರುಗಿದ.

"ಮೇಷ್ಟ್ರೇ, ನಿಮ್ ಪುಸ್ತಕ ತಗಂಡ್ ಬನ್ನಿ. ಇವತ್ತು ಯಾವ್ ಹುಣ್ಣಿಮೆ ಅಂತ ಎಲ್ರ ಎದ್ರು ಓದಿ. ನಾನ್ ಹೇಳಿದ್ರೆ ಹಟ ಅಂತಾರೆ. ಪುಸ್ತಕ ಏನ್ ಹೇಳ್ತದೋ ಹಂಗೇ ಆಗ್ಲಿ."

ಪಂಚಾಂಗ ತಂದೆ. ಪುಟ ತೆರೆದೆ. ನಿಜ ಕಾರ್ತಿಕ ಶುದ್ಧ ಪೂರ್ಣಿಮೆ ಎಂದು ಎದ್ದು ಕಾಣುವ ಹಾಗೆ ಅಚ್ಚಾಗಿತ್ತು. ಅಲ್ಲಿದ್ದವರಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಇದ್ದದ್ದನ್ನು ಇದ್ದ ಹಾಗೆ ಓದಿದರೆ ಆ ಹುಡುಗ ಗಂಟಿನ ಸಮೇತ ತಾಳಗುಪ್ಪಕ್ಕೆ ಹಿಂದಿರುಗುತ್ತಾನೆ, ಮೂರು ದಿನದಲ್ಲಿ ಬೇರೆಯವರ ಸೀರೆ ಈ ಮನೆಗೆ ಬರುತ್ತದೆ, ಮಗು ಹಾಲು ಬಿಟ್ಟ ದಿನ ತಾಯಿಯನ್ನೂ ಬಿಡುತ್ತದೆ. ಓದದಿದ್ದರೆ ನಮ್ಮ ಮನೆಯ ಮೂರು ತಲೆಮಾರಿನ ಬಾಯಿ ನನ್ನಿಂದ ಸುಳ್ಳಾಗುತ್ತದೆ. ಬೋರ್ಡಿನ ಮುಂದೆ ನಿಂತು, ಹೆಸರು ಇಟ್ಟವರು ಯಾರು ಎಂದು ಅವಳು ಕೇಳಿದ್ದು ನೆನಪಾಯಿತು. ದೊಡ್ಡಪ್ಪನ ಮುಖವೂ ನೆನಪಾಯಿತು. ಸುಳ್ಳು ಯಾಕೆ, ನನಗೆ ನನ್ನ ಮರ್ಯಾದೆಯೂ ನೆನಪಾಯಿತು. ಈ ಊರಿನಲ್ಲಿ ನನಗಿದ್ದ ಬೆಲೆಯೆಲ್ಲ ಆ ಪುಸ್ತಕದ್ದು.

"ಹೊಸ್ತಿಲು ಹುಣ್ಣಿಮೆ," ಎಂದೆ.

ಕೆರಿಯಪ್ಪ ಒಂದು ಹೆಜ್ಜೆ ಮುಂದೆ ಬಂದ.

"ಅವತ್ತು ಗದ್ದೇಲಿ ಇಲ್ಲ ಅಂದಿದ್ರಿ."

"ತಪ್ಪು ಓದಿದ್ದೆ. ಹೋದ ವರ್ಷದ ಪುಟಕ್ಕೂ ಇದಕ್ಕೂ ಕಲೆಸಿಹೋಗಿತ್ತು."

"ಅರ್ಧ ಅರ್ಧ ಅಂತ ಕಾಗ್ದ ಬೇರೆ ತಂದಿದ್ರಿ."

"ನಾನು ತಪ್ಪಾಗಿ ಕೇಳಿದ್ದಕ್ಕೆ ಅವರೂ ತಪ್ಪಾಗಿ ಬರೆದರು."

ದೊಡ್ಡಪ್ಪನನ್ನೂ ಸುಳ್ಳಿನೊಳಗೆ ಎಳೆದಾಯಿತು. ಕೆರಿಯಪ್ಪ ನನ್ನನ್ನೇ ದಿಟ್ಟಿಸಿದ. "ಪುಸ್ತಕ ಮುಟ್ಟಿ ಹೇಳಿ," ಎಂದ.

ಅಂಗೈಯನ್ನು ತೆರೆದ ಪುಟದ ಮೇಲಿಟ್ಟೆ. "ಇವತ್ತು ಹೊಸ್ತಿಲು ಹುಣ್ಣಿಮೆ," ಎಂದು ಮತ್ತೊಮ್ಮೆ ಹೇಳಿದೆ.

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಒಂದು ತಿಂಗಳನ್ನೇ ನುಂಗಿದ ಮೇಷ್ಟ್ರು ಎಂದರು ಇನ್ಯಾರೋ. ಕೆರಿಯಪ್ಪ ಅದಾವುದನ್ನೂ ಕೇಳಿಸಿಕೊಳ್ಳದೆ ದಣಪೆಯ ಹತ್ತಿರ ಹೋಗಿ ಅದರ ಗಳುಗಳನ್ನು ಒಂದೊಂದಾಗಿ ಸರಿಸಿದ.

"ಬೀಗ್ರೇ, ಪುಸ್ತಕ ನಿಮ್ ಕಡೆ ಹೇಳ್ತು. ಒಳಗ್ ಬನ್ನಿ. ನೀವು ಕೂರೋವರ್ಗೂ ಈ ಮನೇಲಿ ಯಾರೂ ಎಲೆ ಮುಂದೆ ಕೂರಲ್ಲ."

ಹೂವಪ್ಪ ತಿರುಗಿ ನೋಡಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಒಳಗೆ ಬಂದ. ಹಾಲಮ್ಮ ಕೊಡ ತಂದು ಹೊಸ್ತಿಲಿಗೆ ನೀರು ಸುರಿದಳು. ಗುತ್ಯಮ್ಮ ಹೊರಗೆ ಬಂದು ಮಗುವನ್ನು ಕನ್ನಪ್ಪನ ಕೈಗೆ ಕೊಟ್ಟಳು. ಮಗು ಅಪ್ಪನನ್ನು ಕಂಡರಿಯದೆ ಚೀರಿತು. ಅವನು ನಗುತ್ತ, ಹೇಗೆ ಹಿಡಿಯಬೇಕೆಂದು ತಿಳಿಯದೆ, ಗಂಟನ್ನು ಕೆಳಗೆ ಬೀಳಿಸಿ ಅಂಗಳದ ತುಂಬ ಅಕ್ಕಿ ಚೆಲ್ಲಿದ.

ಊಟ ಮುಗಿಸಿ, ಸಾಗರದ ಬಸ್ಸು ಹಿಡಿಯಲು ಬಿಸಿಲು ಬಾಗುವ ಮೊದಲೇ ಹೊರಟರು. ನಾನು ಶಾಲೆಯ ಬಾಗಿಲಲ್ಲಿ ನಿಂತಿದ್ದೆ. ಗುತ್ಯಮ್ಮ ಹಾದುಹೋಗುವಾಗ ನನ್ನ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದು, ಗಂಡ 'ಹೊತ್ತಾತು' ಎಂದು ಕರೆದದ್ದಕ್ಕೆ ಹಾಗೆಯೇ ಮುಂದೆ ಹೋದಳು. ಬೋರ್ಡಿನ ಲೆಕ್ಕ ಕಲಿತವಳು ಅವಳು. ನಾನು ಹೇಳಿದ್ದು ಏನೆಂದು ಅವಳಿಗೆ ಗೊತ್ತಿತ್ತು.

ಸಂಜೆ ಕೆರಿಯಪ್ಪ ಬಂದು ಶಾಲೆಯ ಮೆಟ್ಟಿಲ ಮೇಲೆ ಕುಳಿತ. ಪೂರ್ವದ ಗುಡ್ಡದ ಮೇಲೆ ಚಂದ್ರ ಬಂದಿದ್ದ, ದುಂಡಗೆ, ಯಾರ ಹೆಸರೂ ಬೇಡ ಎನ್ನುವ ಹಾಗೆ.

"ಮೇಷ್ಟ್ರೇ, ಮುಂದಿನ್ ಹುಣ್ಣಿಮೆ ಯಾವ್ದು?"

"ಬನದ ಹುಣ್ಣಿಮೆ."

"ಪುಸ್ತಕದಾಗೂ ಅದೇನಾ?"

"ಪುಸ್ತಕದಲ್ಲೂ ಅದೇ."

"ಹಂಗಾರೆ ಲೆಕ್ಕ ಅಲ್ಲಿಗೆ ಸರಿ ಹೋಗ್ತದೆ. ಇದೊಂದ್ ತಿಂಗ್ಳು ನಾವಿಬ್ರೂ ಬಾಯಿ ಮುಚ್ಕಂಡಿದ್ರೆ ಆತು." ಅವನು ನನ್ನ ಕಡೆ ನೋಡದೆ ಮುಂದುವರಿಸಿದ. "ಹೋದ ವಾರ ಸಾಗರಕ್ಕೆ ಹೋದಾಗ ಇನ್ನೊಬ್ರು ಭಟ್ರನ್ನ ಕೇಳಿದ್ದೆ. ಅವ್ರೂ ಇವತ್ತು ಗೌರಿನೇ ಅಂದ್ರು."

ನನಗೆ ಸಿಟ್ಟು ಉಕ್ಕಿ ಬಂತು. "ಗೊತ್ತಿದ್ದೂ ನನ್ನ ಕೈಯಲ್ಲಿ ಪಂಚಾಂಗ ಮುಟ್ಟಿಸಿದೆಯಾ ಕೆರಿಯಪ್ಪಾ? ಅದು ನಮ್ಮ ಮನೆತನದ ಅನ್ನ."

"ಗೊತ್ತಿದ್ದೇ ಮುಟ್ಟಿಸ್ದೆ. ತಪ್ಪಾತು. ಹೂವಪ್ಪ ಮೋಸ ಮಾಡಿರ್ಲಿಲ್ಲ ಅಂತ ಆ ಹುಡ್ಗ ಗಂಟು ಹೊತ್ಕೊಂಡು ಬಂದಾಗ್ಲೇ ತಿಳೀತು. ಆದ್ರೆ ಎರಡ್ ತಿಂಗ್ಳು ಊರ್ ತುಂಬ ಹೇಳ್ಕೊಂಡು ತಿರುಗಿದೀನಿ. ಹತ್ತು ಜನ್ರ ಎದ್ರು ಬೀಗ್ರಿಗೆ ಸೋಲಾಕೆ ನಂಗಾಗ್ಲಿಲ್ಲ. ಪುಸ್ತಕಕ್ಕೆ ಸೋತ್ರೆ ಯಾರೂ ನಗಲ್ಲ."

"ನಾನು ಇದ್ದದ್ದು ಇದ್ದ ಹಾಗೆ ಓದಿಬಿಟ್ಟಿದ್ದರೆ?"

ಕೆರಿಯಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖಕ್ಕೆ ಒತ್ತಿಕೊಂಡ. ಅದರೊಳಗಿಂದಲೇ ಹೇಳಿದ.

"ಕಳಿಸ್ಬಿಡ್ತಿದ್ದೆ ಮೇಷ್ಟ್ರೇ. ಮಗಳ ಮುಖ ನೋಡ್ಕೊಂಡೇ ಆ ಹುಡ್ಗನ್ನ ವಾಪಸ್ ಕಳಿಸ್ಬಿಡ್ತಿದ್ದೆ. ನಾನು ಅಂಥೋನು ಅಂತ ನಂಗೆ ಗೊತ್ತಿತ್ತು. ನೀವು ಪುಟ ತೆಗೀತಿದ್ರಲ್ಲ, ಆವಾಗ ನೀವು ಸುಳ್ಳು ಹೇಳ್ಲಿ ಅಂತ ಬೇಡ್ಕಂತಿದ್ದೆ."

ಅವನ ಭುಜ ಅಲುಗುತ್ತಿತ್ತು. ನನ್ನ ಸಿಟ್ಟು ಎತ್ತ ಹೋಯಿತೋ ತಿಳಿಯಲಿಲ್ಲ. ಒಳಗೆ ಹೋಗಿ ಒಂದು ಚೊಂಬು ನೀರು ತಂದು ಅವನ ಪಕ್ಕದಲ್ಲಿಟ್ಟೆ. ಆಮೇಲೆ ನಾನೂ ಮೆಟ್ಟಿಲ ಮೇಲೆ ಕುಳಿತೆ.